ಹಗ್ಗದ ಮೇಲಿನ ಮೂರು ಸೀರೆ

ಎಲ್ಲಾ ಆದದ್ದು ಎರಡು ಮಾತಿನಿಂದ. ಅವನ್ನು ಮಾಸ್ತಪ್ಪ ಆಡದೆ ಇದ್ದಿದ್ದರೆ ಆ ಭಾನುವಾರ ಬೇರೆ ಭಾನುವಾರಗಳ ಹಾಗೆಯೇ ಕಳೆದುಹೋಗುತ್ತಿತ್ತು.

ಶಿಕಾರಿಪುರದ ಬಯಲಿನಲ್ಲಿ ವೀರಬಸಪ್ಪ ಹಾಕಿದ್ದ ಟೆಂಟ್ ಸಿನಿಮಾಕ್ಕೆ ಶನಿವಾರ ಬರಬೇಕಿದ್ದ ಕನ್ನಡ ಚಿತ್ರ ಬರಲಿಲ್ಲ. ಬದಲಿಗೆ, ಹಿಂದಿನ ವಾರ ಸೊರಬದಲ್ಲಿ ತೋರಿಸಿದ್ದ ರಷ್ಯಾ ದೇಶದ ಚಿತ್ರವೊಂದರ ಡಬ್ಬಿ ಬಂತು. ಅನಾಥ ಹುಡುಗನೊಬ್ಬ ತಾಯಿಯನ್ನು ಹುಡುಕುತ್ತ ಊರೂರು ಅಲೆಯುವ ಕತೆ. ಪರಭಾಷೆಯ ಚಿತ್ರ ಬಂದರೆ ಪರದೆಯ ಪಕ್ಕದಲ್ಲಿ ಒಬ್ಬ ನಿಂತು, ತಗಡಿನ ಕೊಳವೆ ಬಾಯಿಗಿಟ್ಟುಕೊಂಡು ಕತೆಯನ್ನು ಕನ್ನಡದಲ್ಲಿ ಕೂಗಿ ಹೇಳುವುದು ಆ ಟೆಂಟಿನ ಪದ್ಧತಿ. ಅದು ಮಾಸ್ತಪ್ಪನ ಕೆಲಸ. ಅವನಿಗೆ ರಷ್ಯಾದ ಭಾಷೆ ಬರುತ್ತಿತ್ತೆಂದಲ್ಲ. ಹಗಲೆಲ್ಲ ಅಕ್ಕಿ ಗಿರಣಿಯಲ್ಲಿ ತೂಕ ಕೂಗಿ ಕೂಗಿ, ಯಂತ್ರದ ಸದ್ದನ್ನೂ ಮೀರಿಸುವ ಗಂಟಲು ಅವನಿಗೆ ಬಂದಿತ್ತು. ಕತೆಯನ್ನು ಪರದೆ ನೋಡಿ ಅಂದಾಜಿನ ಮೇಲೆ ಹೇಳುತ್ತಿದ್ದ. ರೈಲು ಕಂಡರೆ, "ಹುಡುಗ ರೈಲು ಹತ್ತಿದ!" ಆಕಾಶದಿಂದ ಹಿಮ ಉದುರುವುದು ಕಂಡಾಗ ಸ್ವಲ್ಪ ಯೋಚಿಸಿ, "ನೋಡ್ರಪ್ಪಾ, ಆ ದೇಶದಾಗೆ ಮಂಡಕ್ಕಿ ಮಳೆ!" ಎಂದಿದ್ದ.

ನಡುವೆ ಒಂದು ಕಡೆ ಹುಡುಗ ಬೀದಿಯಲ್ಲಿ ಒಬ್ಬನೇ ನಿಂತು ಅತ್ತ. ಮಾಸ್ತಪ್ಪ ಪರದೆಯ ಕಡೆ ಒಂದು ಹೆಜ್ಜೆ ಇಟ್ಟ. ಕೊಳವೆ ಬಾಯಲ್ಲೇ ಇದೆ ಎಂಬುದನ್ನು ಮರೆತು, "ನಾನೂ ಹಿಂಗೇ" ಎಂದುಬಿಟ್ಟ.

ಅವನಿಗೆ ತಂದೆತಾಯಿ ಇಲ್ಲವೆಂಬುದು ಊರಿಗೆ ಹೊಸ ಸುದ್ದಿಯಲ್ಲ. ಮೂವತ್ತು ವರ್ಷದಿಂದ ಗೊತ್ತಿದ್ದದ್ದೇ. ಆದರೆ ಅದು ಇಷ್ಟು ದಿನ ಬರೀ ಬೀದಿಯ ವಿಷಯವಾಗಿತ್ತು. ಈಗ ಸಿನಿಮಾದ ವಿಷಯವಾಯಿತು. ಹೆಂಗಸರ ಕಡೆಯಿಂದ ಎದ್ದ ಅಳು ಚಿತ್ರ ಮುಗಿದು ದೀಪ ಹತ್ತಿದರೂ ನಿಲ್ಲಲಿಲ್ಲ.

ಮರುದಿನವೇ ಮಾಸ್ತಪ್ಪನ ಮನೆ ನೋಡಲು ಸೊರಬ ಕಡೆಯ ಹೊಸಬಾಳೆಯಿಂದ ಹೆಣ್ಣಿನವರು ಬರುವವರಿದ್ದರು. ಹಿಂದೆ ಬಂದ ಸಂಬಂಧಗಳೆಲ್ಲ ಒಂದೇ ಮಾತಿಗೆ ಮುರಿದಿದ್ದವು: 'ಮನೆಯಲ್ಲಿ ಹಿರಿ ಹೆಂಗಸಿಲ್ಲ, ಹುಡುಗಿಗೆ ಹೇಳೋರು ಕೇಳೋರು ಯಾರು?' ಈ ಸಲ ಮಾತ್ರ ಅವನಿಗೆ ಆಸೆ ಹುಟ್ಟಿತ್ತು. ಬುಧವಾರ ಹೆಣ್ಣು ನೋಡಲು ಹೋದಾಗ ವನಜ ಎಂಬ ಆ ಹುಡುಗಿ, ಅವನು ಕೇಳದೆಯೇ ಎರಡನೆಯ ಸಲ ಉಪ್ಪಿಟ್ಟು ಬಡಿಸಿ, ಅವನು ತಿನ್ನುವುದನ್ನೇ ಕಣ್ಣು ತುಂಬಿಕೊಂಡು ನೋಡಿದ್ದಳು. ಅವತ್ತಿನಿಂದ ಮಾಸ್ತಪ್ಪ ಗಿರಣಿಯಲ್ಲಿ ತೂಕ ತಪ್ಪು ಕೂಗುತ್ತಿದ್ದ. ಸಂಬಂಧ ತಂದ ಸುಬ್ಬಪ್ಪನೂ, "ನಿನ್ನ ವಿಷಯ ಎಲ್ಲಾ ಹೇಳಿದೀನಿ ಕಣೋ. ನೀ ಹೆಂಗಿದೀಯೋ ಹಂಗೇ ಇರು. ಹೊಸದೇನೂ ಮಾಡಕ್ಕೆ ಹೋಗಬ್ಯಾಡ" ಎಂದು ಎಚ್ಚರಿಸಿ ಹೋಗಿದ್ದ. ಮೀಸೆ ತೆಗೆಸಬೇಡ ಎನ್ನುತ್ತಿದ್ದಾನೆಂದು ಮಾಸ್ತಪ್ಪ ತಿಳಿದುಕೊಂಡ.

ಭಾನುವಾರ ಬೆಳಿಗ್ಗೆ ಅವನು ಜಗಲಿ ಸಾರಿಸುತ್ತಿದ್ದಾಗ ಪಕ್ಕದ ಮನೆಯ ಶೇಷಮ್ಮ ಬಂದಳು. ಗಂಡ ಹೋಗಿ ಬಹಳ ಕಾಲವಾಗಿತ್ತು. ಬೀದಿಯವರ ಸಂಸಾರವನ್ನೆಲ್ಲ ತಾನೇ ನಡೆಸುವವಳ ಹಾಗೆ ಓಡಾಡುತ್ತಿದ್ದಳು. ಕಂಕುಳಲ್ಲಿ ಒಂದು ಒದ್ದೆ ಸೀರೆ, ಕೈಯಲ್ಲಿ ಎಲೆಅಡಿಕೆ ಚೀಲ.

"ಏಳೋ ಮಗಾ, ಹಗ್ಗ ಎಲ್ಲೈತೆ?"

"ಯಾಕ್ ಶೇಷಕ್ಕಾ? ಸೀರೆ ಇಲ್ಯಾಕೆ ಒಣಗಸ್ತೀಯಾ?"

"ಅಕ್ಕ ಅಲ್ಲ, ಅವ್ವ ಅನ್ನು. ಇವತ್ತಿಂದ ಅಭ್ಯಾಸ ಮಾಡ್ಕೋ. ಮನೆ ಅಂದ ಮೇಲೆ ಹಗ್ಗದ ಮೇಲೆ ಒಂದು ಹೆಂಗಸಿನ ಸೀರೆ ಕಾಣಬೇಕು. ಬರೀ ನಿನ್ನ ಎರಡು ಲುಂಗಿ ನೋಡಿ ಯಾರು ಹೆಣ್ಣು ಕೊಡ್ತಾರೆ?"

"ಸುಳ್ಳು ಬ್ಯಾಡಕ್ಕಾ. ಸುಬ್ಬಪ್ಪ ಎಲ್ಲಾ ಹೇಳೀನಿ ಅಂದಾನೆ."

"ಸುಬ್ಬಪ್ಪ ಯಾವತ್ತು ನಿಜ ಹೇಳ್ಯಾನೆ? ಅವನು ಹಿಂದಿನ ವರ್ಷ ಕುಬಟೂರಿಗೆ ತಗಂಡೋದ ಹುಡುಗನ ತಲೇಲಿ ಕೂದಲೇ ಇರ್ಲಿಲ್ಲ, ರುಮಾಲು ಸುತ್ತಿ ಕೂರಿಸಿದ್ದ. ನೋಡು, ಆ ಸಿನಿಮಾದ ಹುಡುಗ ಅವ್ವನ್ನ ಹುಡುಕ್ಕೊಂಡು ಎಷ್ಟು ದೇಶ ತಿರುಗ್ದ? ನಿಂಗೆ ನೋಡಿದ್ರೆ ಪಕ್ಕದ ಮನೇಲೇ ಸಿಕ್ಕೀನಿ. ಸುಮ್ನೆ ಇಟ್ಕೋ."

ಮಾಸ್ತಪ್ಪನಿಗೆ ತೂಕದಲ್ಲಿ ಎಷ್ಟು ಖಚಿತತೆಯೋ ಮಾತಿನಲ್ಲಿ ಅಷ್ಟೇ ಹಿಂಜರಿಕೆ. ವನಜಳ ಉಪ್ಪಿಟ್ಟು ನೆನಪಾಯಿತು. ಹಗ್ಗ ಕಟ್ಟಿಕೊಟ್ಟ.

ಎದುರುಮನೆಯ ಹುಚ್ಚಮ್ಮ ಮಂಡಕ್ಕಿ ಹುರಿಯುವುದನ್ನು ಬಿಟ್ಟು, ಸಂತೆಗೆ ಹೊರಟ ಎಮ್ಮೆಯ ವೇಗದಲ್ಲಿ ಬೀದಿ ದಾಟಿ ಬಂದಳು.

"ಏನ್ ಶೇಷಕ್ಕಾ, ಇವನ ಮನೇಲಿ ನಿನ್ನ ಸೀರೆ?"

"ನಾನು ಇವನ ಅವ್ವ."

"ಯಾವಾಗಿಂದ?"

"ಬೆಳಗಿಂದ."

"ಚಂದ ಆಯ್ತು ಬಿಡು! ಇವನು ಚಡ್ಡಿ ಹಾಕೋವಾಗಿಂದ ಮಂಡಕ್ಕಿ ಕೊಟ್ಟು ಬೆಳೆಸಿದೋಳು ನಾನು. ಅಲ್ಲದೆ, ಬೀಗರ ಕಡೆ ಹೆಣ್ಮಕ್ಕಳು ಬಂದ್ರೆ ಕುಂಕುಮ ಕೊಡೋರು ಯಾರು? ನೀನು ಕೊಡಂಗಿಲ್ಲ. ಮನೆ ನೋಡೋ ಶಾಸ್ತ್ರಕ್ಕೆ ಮುತ್ತೈದೆ ತಾಯಿನೇ ಆಗಬೇಕು."

ಶೇಷಮ್ಮ ಚೀಲದಿಂದ ಒಂದು ಎಲೆ ತೆಗೆದಳು. ಆಮೇಲೆ ಎಲೆಗೆ ಸುಣ್ಣ ಹಚ್ಚುತ್ತ, "ಆಗಲಿ ತಾಯಿ. ನೀನು ಇವನಿಗೆ ಅವ್ವ ಆದ್ರೆ ನಿನ್ನ ಗಂಡ ಅಪ್ಪ ಆಗಬೇಕಲ್ಲ. ಕೇಳಿದೀಯಾ ಅವರನ್ನ?" ಎಂದಳು.

ಹುಚ್ಚಮ್ಮನ ಗಂಡ ರಾಜಪ್ಪ ಎದುರು ಜಗಲಿಯಿಂದಲೇ ಕೂಗಿದ: "ನಂಗೆ ಬ್ಯಾಡ! ಈಗಿರೋ ಮಕ್ಕಳೇ ನನ್ನ ಮಾತು ಕೇಳಲ್ಲ. ಇನ್ನು ಆ ಗಿರಣಿ ಗಂಟಲಿನೋನು ಬೇರೆ!"

"ನೀವು ಬಾಯಿ ಮುಚ್ಚಿ. ಅವರು ಬಂದಾಗ ನೀವು ಊರಾಗಿಲ್ಲ, ಅಷ್ಟೇ. ಇವನ ಹಿತ್ತಲಾಗೆ ಹೋಗಿ ಕೂತ್ಕೊಳಿ. ನಮ್ಮ ಜಗಲೀಲಿ ಕೂತ್ರೆ ಬೀದೀಲಿ ಹೋಗೋರೆಲ್ಲ ಮಾತಾಡಸ್ತಾರೆ" ಎಂದು ಹುಚ್ಚಮ್ಮ ಆಜ್ಞೆ ಮಾಡಿ, ಮನೆಯಿಂದ ತನ್ನ ಹಸಿರು ಸೀರೆ ತಂದು ಶೇಷಮ್ಮನ ಸೀರೆಯನ್ನು ಒಂದು ಮೊಳ ಪಕ್ಕಕ್ಕೆ ಸರಿಸಿ ಹಾಕಿದಳು.

ಒಬ್ಬಳು ತಾಯಿ, ಇನ್ನೊಬ್ಬಳು ದೊಡ್ಡಮ್ಮ ಎಂದು ಮಾಸ್ತಪ್ಪ ರಾಜಿ ಸೂಚಿಸಿದ. ಇಬ್ಬರೂ ಕೂಡಲೇ ಒಪ್ಪಿದರು. ಇನ್ನೊಬ್ಬಳೇ ದೊಡ್ಡಮ್ಮ ಎಂದು ಇಬ್ಬರೂ ತಿಳಿದಿದ್ದರು.

ಕೂಗಾಟ ತಾಳಲಾರದೆ ಅವನು ಬಾಳೆಹಣ್ಣು ತರುವ ನೆಪದಲ್ಲಿ ಪೇಟೆಗೆ ಬಂದ. ಹೋಟೆಲಿನ ಮುಂದೆ ಗಿರಣಿಯ ಹಮಾಲ ದೊಡ್ಡಬೀರಪ್ಪ ಸಿಕ್ಕಿದ. ಎರಡು ಮೂಟೆ ಒಟ್ಟಿಗೆ ಹೊರುವ ಆಳು; ಊರಿನ ನಾಟಕದಲ್ಲಿ ಪ್ರತಿವರ್ಷವೂ ರಾಜಮಾತೆಯ ಪಾತ್ರ ಅವನದೇ. ಸಂಕಟವನ್ನೆಲ್ಲ ಕೇಳಿ ಅವನು ಗಂಭೀರವಾಗಿ ತಲೆಯಾಡಿಸಿದ.

"ಹೆಂಗಸರನ್ನ ನಂಬಿ ಕೆಟ್ಟೆ ನೀನು. ತಾಯಿ ಅಂದ್ರೆ ಪಾತ್ರ ಕಣಯ್ಯಾ, ಸುಮ್ನೆ ಅಲ್ಲ. ಪ್ರಾಕ್ಟೀಸ್ ಬೇಕು. ನಾನು ಬರಲಾ?"

ಮಾಸ್ತಪ್ಪ ಗಾಬರಿಯಿಂದ, "ನೋಡಾನ ಬಿಡಣ್ಣಾ" ಎಂದು ತಪ್ಪಿಸಿಕೊಂಡ. ಬೇಡ ಎಂದು ನೇರವಾಗಿ ಹೇಳುವ ಧೈರ್ಯ ಅವನಿಗೆ ಆ ಜನ್ಮದಲ್ಲಿ ಬರುವಂತಿರಲಿಲ್ಲ. ದೊಡ್ಡಬೀರಪ್ಪ ಅಲ್ಲಿಂದ ನೇರ ಕ್ಷೌರದಂಗಡಿಗೆ ಹೋದ.

ಹಣ್ಣು ಹಿಡಿದು ಮನೆಗೆ ಬರುವಷ್ಟರಲ್ಲಿ ಹಗ್ಗದ ಮೇಲೆ ಮೂರನೆಯ ಸೀರೆಯೊಂದು ಬಿಸಿಲಿಗೆ ಝಗಮಗ ಹೊಳೆಯುತ್ತಿತ್ತು. ಚಮಕಿ ಹಚ್ಚಿದ ರಾಜಮಾತೆಯ ಸೀರೆ. ಯಾರದಿದು ಎಂದು ಕೇಳುವ ಮುನ್ನವೇ ಸೊರಬದ ಬಸ್ಸು ಬಂದು, ಸುಬ್ಬಪ್ಪನ ಹಿಂದೆ ಹೆಣ್ಣಿನ ತಂದೆ ಆನಂದಪ್ಪ, ಅವನ ಅಕ್ಕ ವರದಮ್ಮ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರು.

ಆನಂದಪ್ಪ ಮಾತು ಕಡಿಮೆಯ ಮನುಷ್ಯ. ಮನೆ ನೋಡುವುದೆಲ್ಲ ವರದಮ್ಮನದೇ. ಅಂಗಳಕ್ಕೆ ಕಾಲಿಟ್ಟವಳೇ ಹಗ್ಗದ ಕಡೆ ನೋಡಿದಳು. ಒಂದು, ಎರಡು, ಮೂರು. ಅವಳ ಮುಖ ಇಳಿಯಿತು. ಶೇಷಮ್ಮನ ಸೀರೆ ಹಳೆಯದಾಗಿದ್ದಕ್ಕೆ ಹೀಗಾಯಿತು ಎಂದುಕೊಂಡು ಮಾಸ್ತಪ್ಪ ಒಳಗೊಳಗೇ ಶಪಿಸಿದ. ಸುಬ್ಬಪ್ಪ ಅವನ ಕಡೆ ಕಣ್ಣು ಕಿಸಿದು ನೋಡಿದ.

"ಬರ್ರಿ ಬರ್ರಿ, ಒಳಗೆ ಬರ್ರಿ. ನಾನು ಹುಡುಗನ ಅವ್ವ" ಎನ್ನುತ್ತ ಶೇಷಮ್ಮ ಚೆಂಬಿನಲ್ಲಿ ನೀರು ಹಿಡಿದು ಬಂದಳು.

"ಕುಂಕುಮ ತಗಳ್ಳಿ. ನಾನು ಹುಡುಗನ ತಾಯಿ" ಎನ್ನುತ್ತ ಹುಚ್ಚಮ್ಮ ಬಟ್ಟಲು ಹಿಡಿದು ಬಂದಳು. "ಇವಳು ದೊಡ್ಡಮ್ಮ" ಎಂದು ಇಬ್ಬರೂ ಒಟ್ಟಿಗೆ ಪರಸ್ಪರ ಬೆರಳು ತೋರಿಸಿದರು.

"ಇದೆಂಥದು ಮಾರಾಯ್ರೇ?" ಎಂದು ವರದಮ್ಮ ತಮ್ಮನ ಮುಖ ನೋಡಿದಳು. "ಇರ್ಲಿ, ಅಡಿಗೆಮನೆ ನೋಡ್ಕಂಡು ಬರ್ತೆ."

ಅಡಿಗೆಮನೆಯ ಕತ್ತಲಲ್ಲಿ ಒಲೆಯ ಮುಂದೆ ಬಾಗಿಲಗಲದ ಹೆಂಗಸೊಂದು ಕೂತಿತ್ತು. ಮೈಮೇಲೆ ನಾಟಕದ ಇನ್ನೊಂದು ಸೀರೆ, ಹೊಸದಾಗಿ ಬೋಳಿಸಿದ ಮೇಲ್ತುಟಿಯ ಮೇಲೆ ಪೌಡರು, ಜಾರುತ್ತಿದ್ದ ಸವರಿಯ ಜಡೆ. ವರದಮ್ಮನನ್ನು ಕಂಡು ಅದು ಎದ್ದು ನಿಂತು, ಎದೆಗೆ ಕೈಯಿಟ್ಟು, "ಬಾ ಸೋದರೀ! ಹೆತ್ತ ಕರುಳಿನ ವ್ಯಥೆಯನ್ನು ಬಲ್ಲವರಾರು!" ಎಂದು ಹಮಾಲಿ ದನಿಯಲ್ಲಿ ಶುರುಮಾಡಿತು.

ವರದಮ್ಮ ಹಿತ್ತಲ ಬಾಗಿಲಿಂದ ಹೊರಗೆ ಓಡಿದಳು. ಅಲ್ಲಿ ಬಚ್ಚಲ ಕಲ್ಲಿನ ಮೇಲೆ ರಾಜಪ್ಪ ಬೀಡಿ ಸೇದುತ್ತ ಕೂತಿದ್ದ.

"ನೀವು ಯಾರ್ರೀ?"

ರಾಜಪ್ಪ ಗಡಬಡಿಸಿ ಎದ್ದು, "ನಾನು ಊರಾಗಿಲ್ಲ ರೀ" ಎಂದ.

ವರದಮ್ಮ ಮನೆ ಸುತ್ತಿಕೊಂಡು ಅಂಗಳಕ್ಕೆ ಬಂದು, "ನಡಿ ತಮ್ಮಾ, ಬಸ್ಸು ಹಿಡಿಯಾಣ" ಎಂದಳು.

ಮಾಸ್ತಪ್ಪ ಅವಳಿಗೆ ಅಡ್ಡ ನಿಂತ. "ಅಮ್ಮಾ, ಏನು ಕಮ್ಮಿ ಆಯ್ತು ಹೇಳ್ರೀ. ಸೀರೆ ಹಳೇದಾ?"

"ಕಮ್ಮಿ ಅಲ್ಲಪ್ಪಾ, ಹೆಚ್ಚಾತು!" ವರದಮ್ಮ ಸೊಂಟಕ್ಕೆ ಕೈಯಿಟ್ಟಳು. "ಹೋದ ವಾರ ಸೊರಬದಲ್ಲಿ ಒಂದು ರಷ್ಯಾದ ಸಿನಿಮಾ ಬಂದಿತ್ತು. ತಾಯಿ ಇಲ್ಲದ ಹುಡುಗಂದು. ಅದನ್ನ ನೋಡಿ ಬಂದು ನಮ್ಮ ವನಜ ಎರಡು ದಿನ ಊಟ ಬಿಟ್ಟಳು. ಮದುವೆ ಆದ್ರೆ ಅವ್ವ ಇಲ್ಲದ ಹುಡುಗನ್ನೇ ಆಗ್ತೆ, ಅವನಿಗೆ ನಾನೇ ಎಲ್ಲಾ ಆಗಿರ್ತೆ ಅಂತ ಹಟ. ನಮಗೂ ಬೇಕಾದ್ದು ಅದೇ. ಅವಳ ಅಕ್ಕ ಒಬ್ಬಳು ಅತ್ತೆ ಕೈಯಲ್ಲಿ ಸಿಕ್ಕಿ ಕಣ್ಣೀರು ಹಾಕ್ತಾ ಇದಾಳೆ. ಈ ಸುಬ್ಬಪ್ಪನೋರು ಹುಡುಗ ಅನಾಥ, ಮನೇಲಿ ಒಂದೇ ತಟ್ಟೆ ಒಂದೇ ಲೋಟ ಅಂದ್ರು. ಅದಕ್ಕೇ ಬಂದ್ವಿ. ಇಲ್ಲಿ ನೋಡಿದ್ರೆ ಮೂರು ಜನ ಅತ್ತೇರು! ಅದರಲ್ಲಿ ಒಬ್ಬಳಂತೂ ರಾಕ್ಷಸಿ!"

"ಹೆಂಗಿದೀಯೋ ಹಂಗೇ ಇರು ಅಂತ ಹೇಳಿರಲಿಲ್ವೇನೋ ನಿಂಗೆ?" ಎಂದು ಸುಬ್ಬಪ್ಪ ತಲೆ ಚಚ್ಚಿಕೊಂಡ.

ಮಾಸ್ತಪ್ಪನಿಗೆ ಆಗ ಎಲ್ಲಿಲ್ಲದ ಧೈರ್ಯ ಬಂತು. ಗಿರಣಿಯ ಗಂಟಲು ತೆರೆದು, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ: "ಇವರು ಯಾರೂ ನನ್ನ ತಾಯಿ ಅಲ್ಲ! ನಾನು ಅನಾಥ! ಆಣೆ ಮಾಡ್ತೀನಿ, ನಾನು ಅನಾಥ ಕಣ್ರೀ!"

ಶೇಷಮ್ಮ ಕೈಲಿದ್ದ ಚೆಂಬನ್ನು ಮೆಲ್ಲಗೆ ಕೆಳಗಿಟ್ಟಳು. ಬೆಳಗಿನಿಂದ ಆಡಿದ್ದು ಪಾತ್ರವೇ ಇರಬಹುದು. ಆದರೆ ಈಗ ಅವಳ ಕಣ್ಣಿಂದ ಇಳಿದ ನೀರು ಪಾತ್ರದ್ದಾಗಿರಲಿಲ್ಲ. "ಅವ್ವ ಅಲ್ಲ ಅಂದ್ಯಾ ಮಗಾ?" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಅದನ್ನು ನೋಡಿ ಹುಚ್ಚಮ್ಮನೂ ಗೊಳೋ ಎಂದಳು. ಒಳಗಿಂದ ದೊಡ್ಡಬೀರಪ್ಪ ನಾಟಕದ ಅಳುವನ್ನು ಸೇರಿಸಿದ.

ಅಷ್ಟು ಹೊತ್ತೂ ಬಾಯಿ ಬಿಡದಿದ್ದ ಆನಂದಪ್ಪ ಚಪ್ಪಲಿ ಮೆಟ್ಟುತ್ತ ಹೇಳಿದ: "ಅತ್ತೇರು ಎಷ್ಟಾದ್ರೂ ಇರ್ಲಿ, ಹೆಂಗೋ ಸುಧಾರಿಸಬಹುದಿತ್ತು. ಕಣ್ಣೆದುರು ಅಳ್ತಾ ನಿಂತ ತಾಯೀನೇ ತಾಯಿ ಅಲ್ಲ ಅನ್ನೋ ಮನುಷ್ಯ, ನಾಳೆ ನನ್ನ ಮಗಳನ್ನ ಹೆಂಡ್ತಿ ಅಲ್ಲ ಅಂದ್ರೆ ನಾನು ಯಾರನ್ನ ಕೇಳ್ಲಿ? ನಡಿಯಕ್ಕಾ."

ಹಾಗೆ ಅವರು ಹೊರಟುಹೋದರು. ಸುಬ್ಬಪ್ಪ ಅವರ ಹಿಂದೆಯೇ ನಿಜ ಹೇಳುತ್ತ ಬಸ್ಸಿನವರೆಗೂ ಓಡಿದ. ಆದರೆ ಅವನು ನಿಜ ಹೇಳಿದರೆ ನಂಬುವ ಅಭ್ಯಾಸ ಯಾರಿಗೂ ಇರಲಿಲ್ಲ.

ಮಧ್ಯಾಹ್ನವೆಲ್ಲ ಮಾಸ್ತಪ್ಪ ಅಳುವವರನ್ನು ಸಮಾಧಾನ ಮಾಡಿದ. ದೊಡ್ಡಬೀರಪ್ಪ ಬೋಳು ಮೇಲ್ತುಟಿ ಸವರಿಕೊಳ್ಳುತ್ತ, ಮೀಸೆ ಬೆಳೆಯುವವರೆಗೂ ಇವನ ಮುಖ ನೋಡುವುದಿಲ್ಲವೆಂದು ಶಪಥ ಮಾಡಿ ಹೋದ. ಹೆಂಗಸರಿಬ್ಬರು ಮಾತ್ರ ಸಂಜೆಯ ಹೊತ್ತಿಗೆ ಕ್ಷಮಿಸಿ, ಹೆಂಡತಿ ಬರುವವರೆಗೂ ಅವನ ಊಟದ ಜವಾಬ್ದಾರಿ ತಮ್ಮದೇ ಎಂದು ಘೋಷಿಸಿದರು. ಯಾರ ಮನೆಯಲ್ಲಿ ಮೊದಲು ಉಣ್ಣಬೇಕೆಂಬ ಜಗಳ ಅಲ್ಲಿಂದಲೇ ಶುರುವಾಯಿತು. ಹಗ್ಗದ ಮೇಲಿನ ಸೀರೆಗಳನ್ನು ಇಬ್ಬರೂ ಒಯ್ಯಲಿಲ್ಲ. ಮೊದಲು ತೆಗೆದವಳು ತಾಯಿತನ ಬಿಟ್ಟುಕೊಟ್ಟ ಹಾಗಾಗುತ್ತದಲ್ಲ!

ಸಂಜೆ ವೀರಬಸಪ್ಪ ಕರೆಕಳಿಸಿದ. ನಿನ್ನೆ ಅತ್ತವರೆಲ್ಲ ಇವತ್ತು ಇನ್ನೊಮ್ಮೆ ಅಳಲು ಬಂದು ಟೆಂಟು ತುಂಬಿತ್ತು. ಮಾಸ್ತಪ್ಪ ತಗಡಿನ ಕೊಳವೆ ಹಿಡಿದು ಪರದೆಯ ಪಕ್ಕ ನಿಂತ. ರೈಲು ಬಂತು, ಹೋಯಿತು. ಮಂಡಕ್ಕಿ ಮಳೆ ಬಿತ್ತು. ಕೊನೆಗೆ ದೂರದಲ್ಲಿ ಹೆಂಗಸೊಂದು ಕಾಣಿಸಿತು. ಹುಡುಗ ಕೈ ಚಾಚಿಕೊಂಡು ಓಡತೊಡಗಿದ. ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ಶೇಷಮ್ಮ, ಹುಚ್ಚಮ್ಮ ಇಬ್ಬರೂ ಸೆರಗು ಸಿದ್ಧಮಾಡಿಕೊಂಡು ಕೂತಿದ್ದರು.

ಮಾಸ್ತಪ್ಪ ಕೊಳವೆಯನ್ನು ಬಾಯಿಗಿಟ್ಟು ಟೆಂಟು ಅದುರುವಂತೆ ಕೂಗಿದ:

"ಓಡಬ್ಯಾಡ್ಲೇ ತಮ್ಮಾ! ನಿಲ್ಲು! ಎಷ್ಟು ಜನ ಅದಾರೆ ಅಂತ ಮೊದ್ಲು ವಿಚಾರಿಸು!"