ಕುಂಬಳದ ಹೀಚಿಗೆ ಕಾವಲಿದ್ದ ಬೆರಳು

ಮಕ್ಕಳೇ, ನಿಮಗೆ ತೋರುಬೆರಳು ಎಂದರೆ ಫೋನಿನ ಗಾಜನ್ನು ಮೇಲಕ್ಕೂ ಕೆಳಕ್ಕೂ ಉಜ್ಜುವ ಬೆರಳು. ಅದಕ್ಕೆ ಬೇರೆ ಕೆಲಸವೂ ಇದೆಯೇ ಎಂದು ಮೊನ್ನೆ ಕೇಳಿದಿರಿ. ಇದೆಯೇ ಎಂದರೆ! ನಾನು ಅಕ್ಷರ ಕಲಿತದ್ದೇ ಆ ಬೆರಳಿನಿಂದ, ನಮ್ಮೂರ ಶಾಲೆಯ ಜಗಲಿಯ ಮರಳಿನಲ್ಲಿ. ಇದ್ದಿಲ ಪುಡಿ ಅದ್ದಿ ಹಲ್ಲುಜ್ಜಿದ್ದು ಅದರಿಂದ. ವೀಳ್ಯದೆಲೆಗೆ ಸುಣ್ಣ ಸವರುವುದು ಅದೇ. ವೋಟು ಹಾಕಿದ ದಿನ ಮಸಿ ಬಳಿಸಿಕೊಳ್ಳುವುದೂ ಅದೇ. ಗೆದ್ದವರು ಮಾಲೆ ಹಾಕಿಸಿಕೊಳ್ಳುತ್ತಾರೆ, ಮಸಿ ಮಾತ್ರ ನಮ್ಮ ಬೆರಳಿಗೆ!

ನನ್ನ ಪಾಲಿಗಂತೂ ಅದು ನಾಲಿಗೆ. ನಾಲ್ಕು ಜನರ ಮುಂದೆ ನನ್ನ ಬಾಯಿ ತಾನಾಗಿ ಬೀಗ ಹಾಕಿಕೊಳ್ಳುತ್ತದೆ. ಹೊಸದಾಗಿ ಈ ಮನೆಗೆ ಬಂದಾಗ ಮಾವನವರು ಕುಡುಗೋಲು ಎಲ್ಲಿ ಎಂದು ಕೇಳಿದರೆ, ಬಾಗಿಲ ಸಂದಿಯಿಂದ ಒಂದು ಬೆರಳು ಹೊರಗೆ ಬರುತ್ತಿತ್ತು, ಅಷ್ಟೇ. ನಿಮ್ಮ ತಾತ ಊರೆಲ್ಲ ಹೇಳಿಕೊಂಡು ನಗುತ್ತಿದ್ದರು: "ನಾನು ಹೆಂಡ್ತೀನ ತಂದಿದೀನಿ ಅನ್ಕಂಡಿದ್ದೆ ಕಣ್ಲಾ. ದಾರಿ ತೋರೋ ಕೈಮರ ತಂದು ನೆಟ್ಟಿದೀನಿ!"

ಹೀಗೆ ಬೆರಳಿನ ವಿಷಯದಲ್ಲಿ ನನಗೆ ಐವತ್ತು ವರ್ಷಕ್ಕೂ ಮೀರಿದ ಅನುಭವ. ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂದೇ ತಿಳಿದಿದ್ದೆ.

ಆಗ ನಿಮ್ಮ ಅಪ್ಪ ಅಮ್ಮ ಪಾವಗಡದಲ್ಲಿ ಮನೆ ಕಟ್ಟಿಸುತ್ತಿದ್ದರು. ಗೃಹಪ್ರವೇಶದ ದಿನ ಗೊತ್ತಾಯಿತು. ನನ್ನ ಬೀಗಿತಿ, ಅಂದರೆ ನಿಮ್ಮ ಪಾವಗಡದ ಅಜ್ಜಿ, ಬೂದುಗುಂಬಳವನ್ನು ಅಂಗಡಿಯಿಂದ ತರಿಸುವ ಮಾತಾಡಿದಾಗ, ಎಂದೂ ತೆರೆಯದ ನನ್ನ ಬಾಯಿ ಅಂದು ತೆರೆದುಕೊಂಡಿತು.

"ಬ್ಯಾಡಿ. ನಮ್ಮ ಹಿತ್ಲಿಂದೇ ತತ್ತೀನಿ."

ಕಾರಣ ಹೇಳುತ್ತೇನೆ. ಶುಭಕಾರ್ಯಗಳಲ್ಲಿ ನಾನು ನಿಲ್ಲುವುದು ಕಂಬದ ಹಿಂದೆ. ಯಾರೂ ತಳ್ಳುವುದಿಲ್ಲ, ನಿಮ್ಮ ತಾತ ಹೋದ ಮೇಲೆ ಕಾಲು ತಾನೇ ಅಲ್ಲಿಗೆ ಹೋಗುತ್ತದೆ. ಮಗಳ ಮನೆಯ ಹೊಸ್ತಿಲು ಪೂಜೆಯನ್ನಾದರೂ ಮುಂದೆ ನಿಂತು ನೋಡಬೇಕೆಂದು ಆಸೆ. ಸ್ವಂತ ಹಿತ್ತಲ ಬೂದುಗುಂಬಳ ಹೊತ್ತು ಬಂದವಳನ್ನು ಕಂಬದ ಹಿಂದೆ ನಿಲ್ಲಿಸಲು ಯಾರಿಂದ ಸಾಧ್ಯ? ಆ ಕಾಯಿಯೇ ಕಂಬದ ಹಿಂದೆ ಹಿಡಿಸುವುದಿಲ್ಲ!

ನಮ್ಮ ಬಳ್ಳಿ ಕೊಟ್ಟಿಗೆಯ ಸೂರಿಗೆ ಹಬ್ಬಿತ್ತು. ಕಚ್ಚಿ ನಿಂತದ್ದು ಒಂದೇ ಒಂದು ಹೀಚು. ಹೀಚಿಗೆ ತೋರುಬೆರಳು ನೀಡಬಾರದು, ನೀಡಿದರೆ ಕೊಳೆತು ಉದುರುತ್ತದೆ ಎನ್ನುವುದು ನಮ್ಮ ಕಡೆ ಹಸುಗೂಸಿಗೂ ಗೊತ್ತು. ತೋರಿಸಲೇಬೇಕೆಂದರೆ ಬೆರಳು ಮಡಿಸಿ ಗೆಣ್ಣಿನಿಂದ ತೋರಿಸಬೇಕು. ಮರೆತು ನೀಡಿಬಿಟ್ಟರೆ ಆ ಬೆರಳನ್ನು ಕಚ್ಚಿ, ತುಪುಕ್ ಎಂದು ಉಗಿಯಬೇಕು. ಈ ಕಾನೂನನ್ನು ಜಾರಿಗೊಳಿಸುವ ಅಧಿಕಾರವನ್ನು ನಾನೇ ವಹಿಸಿಕೊಂಡೆ.

ಮೊದಲು ಸಿಕ್ಕಿಬಿದ್ದವಳು ಪಕ್ಕದ ಮನೆಯ ನರಸಮ್ಮ. ಮಜ್ಜಿಗೆಗೆ ಬಂದವಳು ಸೂರಿನತ್ತ ನೋಡಿ ಕೈ ಎತ್ತಿದಳು. "ಏ ಗಂಗಕ್ಕ, ಕಾಯಿ ಬುಟ್ಟೈತಲ್ಲೇ..."

ಹಾರಿ ಹೋಗಿ ಅವಳ ಬೆರಳನ್ನು ಗಾಳಿಯಲ್ಲೇ ಹಿಡಿದೆ. "ಮಡಿಸು! ಬೆರಳು ಮಡಿಸು!"

"ನನ್ ಬೆರಳೇನು ಕುಡ್ಲೇನೇ, ತೋರ್ಸುದ್ರೆ ಕುಯ್ಕಂಡು ಬೀಳಾಕೆ?"

"ಮೊದ್ಲು ಕಚ್ಚು. ಕಚ್ಚಿ ಉಗಿ."

ಹಳೆಯ ಸ್ನೇಹಕ್ಕೆ ಬೆಲೆ ಕೊಟ್ಟು ಕಚ್ಚಿದಳು. ಉಗಿಯುವಾಗ ಮಾತ್ರ ನನ್ನ ಕಾಲ ಬಳಿಯೇ ಉಗಿದಳು.

ಆಮೇಲೆ ಯಾರು ಹಿತ್ತಲಿಗೆ ಬಂದರೂ ಬಿಡಲಿಲ್ಲ. ಮೋಟರು ರಿಪೇರಿಯವನು ಬಂದ. ಹುಲಿಕುಂಟೆ ಕಡೆಯಿಂದ ಕುರಿ ಹೊಡೆದುಕೊಂಡು ಬಂದವನು ನೀರು ಕೇಳಿದ. ಎಲ್ಲರಿಗೂ ಮುಂಚಿತವಾಗಿಯೇ ಎಚ್ಚರಿಕೆ ಕೊಟ್ಟೆ. "ಅಗೋ, ಅಲ್ಲಿ, ಸೂರಿನ ತುದೀಲಿ, ಎಲೆ ಹಿಂದ್ಗಡೆ ಐತೆ ನೋಡಪ್ಪ. ಅದುಕ್ಕೆ ಬೆರಳು ತೋರ್ಸಬ್ಯಾಡ."

ಕುರಿಯವನು ಕಾಯಿಯನ್ನು ನೋಡಿದ. ನನ್ನನ್ನು ನೋಡಿದ. ನೀರು ಕುಡಿದು, ಕುರಿ ಹೊಡೆದುಕೊಂಡು ಹೋದ.

ಕೊನೆಗೆ ಬಾಯಿಬಿಟ್ಟು ಹೇಳಿದವಳು ನನ್ನ ಸೊಸೆ ಕಮಲ. "ಅತ್ತೆ, ಬಂದೋರಿಗೆಲ್ಲ ಬೆರಳು ನೀಡಿ ನೀಡಿ ತೋರಿಸ್ತಿರೋದು ನೀವೊಬ್ರೇ ಕಣತ್ತೆ!"

ಕೈ ನೋಡಿಕೊಂಡೆ. ತೋರುಬೆರಳು ಬಿದಿರು ಗಳುವಿನ ಹಾಗೆ ನೆಟ್ಟಗೆ ಹೀಚಿನ ಕಡೆಗೇ ಇತ್ತು!

ಕಾನೂನು ಎಲ್ಲರಿಗೂ ಒಂದೇ. ಕಚ್ಚಿಕೊಂಡೆ. ಎಷ್ಟು ಸಲ ತೋರಿಸಿದ್ದೆನೋ ಅಷ್ಟಕ್ಕೂ ಸೇರಿಸಿ ಒಂದೇ ಸಲ ಕಚ್ಚಿದೆ. ಬೆರಳು ಬದನೆಕಾಯಿಯಾಯಿತು. ಕಮಲ ಅರಿಶಿನ ಮೆತ್ತಿ ದಪ್ಪನೆಯ ಬಟ್ಟೆ ಸುತ್ತಿದಳು. ಅಲ್ಲಿಗೆ ಬೆರಳು ಮಡಿಸುವ ಮಾತೇ ಮುಗಿಯಿತು. ಕಸ ಗುಡಿಸಲಿ, ಹಾಲು ಕರೆಯಲಿ, ಅದು ನೆಟ್ಟಗೇ ನಿಂತಿರುತ್ತಿತ್ತು. ಹಿತ್ತಲಿಗೆ ಹೋದರೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಪಾಸಣೆಗೆ ಬಂದ ಸಾಹೇಬರ ಹಾಗೆ ಓಡಾಡುತ್ತಿದ್ದೆ.

ನರಸಮ್ಮ ಬೇಲಿಯ ಆಚೆಯಿಂದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬ್ಯಾರೇರ ಬೆರಳು ಕಾಯಕ್ಕೆ ಹೋಗಿ ತನ್ ಬೆರಳು ತಿನ್ಕಂಡವ್ಳೆ, ನೋಡ್ರವ್ವ!"

ನನಗೆ ರೇಗಿತು. ಬಟ್ಟೆ ಸುತ್ತಿದ ಅದೇ ಬೆರಳನ್ನು ಅವಳ ಮುಖಕ್ಕೆ ಆಡಿಸಿದೆ. "ಇನ್ಮೇಲೆ ನಮ್ಮ ಹಿತ್ಲಿಗೆ ಕಾಲಿಕ್ಕಬ್ಯಾಡ!"

"ಆಯ್ತು ಬುಡವ್ವ. ನನ್ ಬಳ್ಳೀಲೂ ಕಾಯಿ ಐತೆ. ಅದುಕ್ಕೆ ಊರೋರೆಲ್ಲ ಬೆರಳು ತೋರುಸ್ತವ್ರೆ. ಹೆಂಗೈತೆ ಅಂತ ಒಂದಿನ ಬಂದು ನೋಡು."

ಮಾತು ಬಿಟ್ಟೆವು.

ಆದರೆ ಮಕ್ಕಳೇ, ಆಶ್ಚರ್ಯವೆಂದರೆ ನನ್ನ ಹೀಚು ಉದುರಲಿಲ್ಲ. ಇಷ್ಟು ಬೆರಳು ತಿಂದೂ ನೀರಿನ ಕೊಡದಷ್ಟು ದಪ್ಪವಾಯಿತು, ಮೈತುಂಬ ಬೂದಿ ಬಳಿದುಕೊಂಡು ಬೈರಾಗಿಯ ಹಾಗೆ ತೂಗಾಡಿತು. ಪ್ರಪಂಚ ನನ್ನಿಂದಲೇ ನಡೆಯುತ್ತಿದೆ ಎಂದುಕೊಂಡೆ.

ಪಾವಗಡಕ್ಕೆ ಹೊರಡುವ ಹಿಂದಿನ ದಿನ ಹೊಸ ಭಯ ಹುಟ್ಟಿತು. ಇಷ್ಟು ಭಾರ! ತೊಟ್ಟು ತಡೆಯದಿದ್ದರೆ? ಬೆಳಿಗ್ಗೆ ಒಳ್ಳೆಯ ಹೊತ್ತಿನಲ್ಲಿ ಕುಯ್ಯುವವರೆಗೆ ಆಸರೆ ಬೇಡವೇ? ಹಳೆಯ ಸೀರೆಯನ್ನು ತೊಟ್ಟಿಲಿನಂತೆ ಕಟ್ಟಿ ಕಾಯಿಯನ್ನು ಅದರಲ್ಲಿ ಕೂರಿಸಿ, ತುದಿಯನ್ನು ತೊಲೆಗೆ ಬಿಗಿದೆ. ಸ್ವಲ್ಪ ಜೋತಿದೆ ಅನ್ನಿಸಿತು. ಇನ್ನೊಮ್ಮೆ ಎಳೆದೆ.

ಟಕ್!

ತೊಟ್ಟು ಸೂರಿನಲ್ಲೇ ಉಳಿಯಿತು. ಕಾಯಿ ಸೀರೆಯ ಪಕ್ಕದಿಂದ ಜಾರಿ, ಕೆಳಗಿದ್ದ ಹಸುವಿನ ಕಲಗಚ್ಚಿನ ಕಲ್ಲುಬಾನಿಯ ಮೇಲೆ ಬಿದ್ದು ಹೋಳಾಯಿತು. ಹಸು ಇಂಥ ಸತ್ಕಾರವನ್ನು ನಿರೀಕ್ಷಿಸಿರಲಿಲ್ಲ. ಆದರೂ ನಿರಾಕರಿಸಲಿಲ್ಲ.

ಊರವರ ತೋರುಬೆರಳುಗಳೆಲ್ಲ ಸೇರಿ ಮಾಡಲಾಗದ್ದನ್ನು ನನ್ನ ಹತ್ತು ಬೆರಳುಗಳು ಒಂದೇ ಗಂಟಿನಲ್ಲಿ ಮಾಡಿ ಮುಗಿಸಿದ್ದವು!

"ಪಾವಗಡದಲ್ಲೇ ಒಂದು ಕೊಂಡ್ಕಂಡ್ರಾಯ್ತು ಬುಡಿ ಅತ್ತೆ," ಎಂದಳು ಕಮಲ. ಅವಳಿಗೇನು ಗೊತ್ತು? ಅಂಗಡಿಯ ಕಾಯಿಯನ್ನು ಬೀಗಿತಿಯೇ ತರಿಸಬಲ್ಲಳು. ಅದಕ್ಕೆ ನಾನೇಕೆ? ನನಗೆ ಮತ್ತೆ ಕಂಬವೇ ಗತಿ.

ಸಂಜೆ ನರಸಮ್ಮನ ಬಾಗಿಲಲ್ಲಿ ನಿಂತೆ. ಅವಳ ಸೂರಿನ ಮೇಲೆ ಕುರಿಮರಿಯಷ್ಟು ದೊಡ್ಡ ಕಾಯಿ ಮಲಗಿತ್ತು. ನನ್ನ ಬಾಯಿಗೆ ಬೀಗ. ಬೆರಳು ಎದ್ದಿತು.

"ಏನದು? ಬಾಯ್ಬುಟ್ಟು ಕೇಳು."

"ಅದು..."

"ಯಾವುದು?"

"ಆ ಕಾಯಿ ಕಣೇ."

"ಅಯ್ಯಯ್ಯೋ, ಕಾಯಿಗೆ ಬೆರಳು ತೋರ್ಸುದ್ಯ? ಕಚ್ಚು! ಕಚ್ಚಿ ಉಗಿ!"

ಕಚ್ಚಿದೆ. ಉಗಿದೆ. ಅವಳು ಕಣ್ಣೀರು ಬರುವಷ್ಟು ನಕ್ಕು ಏಣಿ ಹಾಕಿದಳು. ಕಾಯಿಯನ್ನು ನನ್ನ ತೋಳಿಗೆ ಇಟ್ಟು ಹೇಳಿದಳು: "ನಾನೂ ಬತ್ತೀನಿ ಪಾವಗಡಕ್ಕೆ. ನನ್ ಕಾಯಿ ಹೆಂಗೆ ಮೆರೀತದೆ ನೋಡ್ಬೇಕು." ಬೇಡ ಎನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮರುದಿನ ಇಬ್ಬರೂ ಸರದಿಯಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೊತ್ತೊಯ್ದೆವು. ಹೊಸ ಮನೆಯ ಬಾಗಿಲಲ್ಲಿ ಬೀಗಿತಿ ಕಣ್ಣರಳಿಸಿದಳು. ಅವಳದು ತೆಲುಗು ಬೆರೆತ ಕನ್ನಡ, ನನ್ನನ್ನು ಕರೆಯುವುದೂ ವದಿನಾ, ಅಂದರೆ ಅತ್ತಿಗೆ, ಎಂದೇ.

"ಭಲೇ ಉಂದಿ ವದಿನಾ! ಇಂಥಾ ಕಾಯಿ ನಮ್ ಕಡೆ ಕಣ್ಣಿಗೇ ಬೀಳಲ್ಲ. ಎವರು ಬೆಳ್ಸಿದ್ದು, ನೀವೇನಾ?"

ನೆರೆದವರೆಲ್ಲ ನನ್ನತ್ತ ತಿರುಗಿದರು. ಅಷ್ಟು ಜನ! ಬಾಯಿ ಬೀಗ ಹಾಕಿಕೊಂಡಿತು. ಪಕ್ಕದಲ್ಲಿದ್ದ ನರಸಮ್ಮನನ್ನು ತೋರಿಸಬೇಕೆಂದೇ ಬೆರಳು ಎತ್ತಿದೆ. ದೇವರಾಣೆಗೂ! ಅದು ಅರ್ಧ ದಾರಿ ಹೋಯಿತು, ನಿಂತಿತು, ಯೋಚಿಸಿತು. ಆಮೇಲೆ ಹಿಂದಕ್ಕೆ ತಿರುಗಿ ನನ್ನ ಎದೆಯ ಮೇಲೆ ಕುಳಿತುಬಿಟ್ಟಿತು!

ನರಸಮ್ಮನ ತೋರುಬೆರಳು ಮೂಗಿನ ಮೇಲೆ ಹೋಯಿತು. ನನ್ನ ಮುಖ ನೋಡಿದಳು. ಏನು ಕಂಡಿತೋ, ಬೆರಳನ್ನು ಮೆಲ್ಲಗೆ ಕೆಳಕ್ಕೆ ಇಳಿಸಿ ತುಟಿಯ ಮೇಲೆ ಇಟ್ಟುಕೊಂಡಳು.

"ಬನ್ನಿ ವದಿನಾ, ಮುಂದಕ್ ಬನ್ನಿ," ಎಂದು ಬೀಗಿತಿ ನನ್ನನ್ನು ಹೊಸ್ತಿಲ ಪಕ್ಕದಲ್ಲೇ ನಿಲ್ಲಿಸಿದಳು. ಪೂಜೆಯನ್ನು ಒಂದು ಹೂವೂ ಬಿಡದೆ ಕಣ್ತುಂಬ ನೋಡಿದೆ. ಕಂಬದ ಹಿಂದೆ ನರಸಮ್ಮ ನಿಂತಿದ್ದಳು.

ಅಂದಿನಿಂದ ಅವಳು ನಮ್ಮ ಮನೆಗೆ ಬಂದರೆ ಮಾತಾಡುವುದಿಲ್ಲ. ಜಗಲಿಯ ಮೇಲೆ ಕುಳಿತು ತೋರುಬೆರಳನ್ನು ಎತ್ತುತ್ತಾಳೆ. ನಾನು ಎದ್ದು ಕಾಫಿಗೆ ಇಡುತ್ತೇನೆ. ಸಕ್ಕರೆ ಸ್ವಲ್ಪ ಕಡಿಮೆಯಾದರೂ ಸಾಕು, ಆ ಬೆರಳು ನಿಧಾನವಾಗಿ ಪಾವಗಡದ ದಿಕ್ಕಿಗೆ ತಿರುಗುತ್ತದೆ. ಮಡಿಸದೆ, ನೆಟ್ಟಗೆ!