ಭಾವನನ್ನು ತಾರೀಖು ಕೇಳುವ ಕಂಪ್ಯೂಟರ್

ನಮ್ಮ ಭಾವನಂಥ ನಿಯತ್ತಿನ ಮನುಷ್ಯ ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಹುಡುಕಿದರೂ ಸಿಗುವುದಿಲ್ಲ. ಹಾಗಂತ ಅವರು ಏನನ್ನೂ ಬದಲಾಯಿಸಿಲ್ಲ ಅಂದುಕೊಳ್ಳಬೇಡಿ. ಬೀಡಿ ಬಿಟ್ಟು ನಶ್ಯಕ್ಕೆ ಬಂದರು. ಪ್ರತಿ ಚುನಾವಣೆಗೂ ಪಕ್ಷ ಬದಲಾಯಿಸಿದರು. ಹೆಣ್ಣು ನೋಡಲು ಬಂದಾಗಲೂ ಮೊದಲು ಒಪ್ಪಿದ್ದು ನಮ್ಮ ದೊಡ್ಡಪ್ಪನ ಮಗಳನ್ನು. ಉಪ್ಪಿಟ್ಟು ತಿಂದು ಮುಗಿಸುವುದರೊಳಗೆ ಮನಸ್ಸು ನಮ್ಮಕ್ಕನ ಕಡೆ ತಿರುಗಿತ್ತು! ಬದಲಾಯಿಸದೆ ಉಳಿಸಿಕೊಂಡದ್ದು ಒಂದನ್ನೇ: ಅವರ ಕಂಪ್ಯೂಟರಿನೊಳಗಿನ ಡಾಸ್.

ಡಾಸ್ ಅಂದರೆ ಈಗಿನವರಿಗೆ ಹೇಗೆ ಹೇಳಲಿ? ಚಿತ್ರವಿಲ್ಲ, ಬಣ್ಣವಿಲ್ಲ, ಮೌಸ್ ಇಲ್ಲ. ಒಂದು ಕಪ್ಪು ಪರದೆ, ಅದರ ಮೂಲೆಯಲ್ಲಿ ಮಿಣುಕುವ ಗೆರೆ. ಬೇಕಾದ್ದನ್ನು ಅಕ್ಷರ ಅಕ್ಷರ ಹೊಡೆದು ಹೇಳಬೇಕು. ಕೊಳ್ಳೇಗಾಲದಲ್ಲಿ ಕೋರ್ಟಿನ ಹಿಂದಿನ ಬೀದಿಯಲ್ಲಿ ಅವರ ಮನೆ. ಮನೆಯ ಮುಂದಿನ ಕೋಣೆಯೇ ಟೈಪಿಂಗ್ ಅಂಗಡಿ. ಅರ್ಜಿ, ಕ್ರಯಪತ್ರ, ಲಗ್ನಪತ್ರಿಕೆ ಎಲ್ಲವೂ ಆ ಕಪ್ಪು ಪರದೆಯಲ್ಲೇ ಹುಟ್ಟಿ, ಕರಕರ ಅನ್ನುವ ಪ್ರಿಂಟರಿನಿಂದ ಹೊರಗೆ ಬರಬೇಕು.

ಒಮ್ಮೆ ಮಾರ್ಟಳ್ಳಿಯಿಂದ ಒಬ್ಬರು ಮಗಳ ಲಗ್ನಪತ್ರಿಕೆ ಹೊಡೆಸಲು ಬಂದರು. ಸುತ್ತಲೂ ಮಲ್ಲಿಗೆ ಹೂವಿನ ಅಂಚು ಬೇಕಂತೆ. ಡಾಸಿನಲ್ಲಿ ಮಲ್ಲಿಗೆ ಎಲ್ಲಿಂದ ತರುವುದು? ಭಾವ ಕೀಲಿಮಣೆಯಲ್ಲಿದ್ದ ನಕ್ಷತ್ರದ ಗುರುತನ್ನೇ ಸಾಲಾಗಿ ಹೊಡೆದು ಕಾಗದ ಕೈಗಿಟ್ಟರು.

"ಮಲ್ಗೆ ಮೊಗ್ಗು ಅನ್ಕಳಿ," ಅಂದರು.

ಬಂದವರು ಕಾಗದವನ್ನು ದೂರ ಹಿಡಿದರು, ಹತ್ತಿರ ಹಿಡಿದರು. "ಮೊಗ್ಗಲ್ಲ ಸಾ, ಹಸುನ್ ಕಿವೀಗೆ ಉಣ್ಣಿ ಅತ್ಕಂಡಂಗದೆ!"

ಭಾವ ಜಗ್ಗಲಿಲ್ಲ. ಮದುವೆ ನಡೆಯಿತು. ಆ ಹುಡುಗಿಗೆ ಈಗ ಎರಡು ಮಕ್ಕಳು. ಉಣ್ಣಿಯಿಂದ ಯಾರಿಗೂ ಏನೂ ಆಗಿಲ್ಲ!

ಆಮೇಲೆ ಯಳಂದೂರಿನ ನಮ್ಮ ನೆಂಟರೊಬ್ಬರು ಬಣ್ಣದ ಕಂಪ್ಯೂಟರ್ ಇಟ್ಟರು. ಭಾವನನ್ನೂ ಆ ದಾರಿಗೆ ತರೋಣವೆಂದು ನಾನೇ ಕರೆದುಕೊಂಡು ಹೋದೆ. ನೆಂಟರು ಮೌಸನ್ನು ಆ ಚಿತ್ರದ ಮೇಲೆ, ಈ ಚಿತ್ರದ ಮೇಲೆ ಒತ್ತಿ ಒತ್ತಿ ತೋರಿಸಿದರು. ಭಾವ ಮರ್ಯಾದೆಯಿಂದ ಕಾಫಿ ಕುಡಿದು ಎದ್ದರು. ಬಸ್ಸಿನಲ್ಲಿ ಬಾಯಿ ಬಿಟ್ಟರು.

"ಲೇ, ದೊಡ್ಡೋರಾದೋರು ಬೇಕಾದ್ದ ಬಾಯ್ಬುಟ್ಟು ಕೇಳ್ಬೇಕು ಕಣ್ಲಾ. ಬೆಟ್ ಮಾಡಿ ಅದು ಕೊಡು, ಇದು ಕೊಡು ಅಂತ ತೋರ್ಸೋದು ಮಿಠಾಯಿ ಅಂಗ್ಡಿ ಮುಂದೆ ನಿಂತಿರೋ ಮಗು!"

ಕೊಳ್ಳೇಗಾಲದಲ್ಲಿ ಇಳಿದು ಮನೆಗೆ ಬಂದವರೇ ಅಕ್ಕನಿಗೂ ಅದನ್ನೇ ಹೇಳಿ ಕಪ್ಪು ಪರದೆಯ ಮುಂದೆ ಕೂತರು.

ಇಷ್ಟಕ್ಕೂ ಆ ಯಂತ್ರ ಆರೋಗ್ಯವಾಗಿತ್ತೇ ಅಂದರೆ ಅದೂ ಇಲ್ಲ. ಅದರೊಳಗಿನ ಸಣ್ಣ ಸೆಲ್ ಯಾವಾಗಲೋ ಸತ್ತಿತ್ತು. ಹಾಗಾಗಿ ದಿನಾ ಬೆಳಗ್ಗೆ ಸ್ವಿಚ್ ಹಾಕಿದ ಕೂಡಲೇ, ನಿದ್ದೆಯಿಂದ ಎದ್ದ ಅಜ್ಜನ ಹಾಗೆ, ಇವತ್ತು ತಾರೀಖು ಎಷ್ಟು, ಗಂಟೆ ಎಷ್ಟು ಎಂದು ಕೇಳುತ್ತಿತ್ತು. ಅದೂ ತಿಂಗಳು ಮೊದಲು, ತಾರೀಖು ಆಮೇಲೆ ಹೊಡೆಯಬೇಕು. ಇಲ್ಲದಿದ್ದರೆ ಒಪ್ಪುವುದಿಲ್ಲ, ಮತ್ತೆ ಕೇಳುತ್ತದೆ. ಭಾವ ಗೋಡೆಯ ಕ್ಯಾಲೆಂಡರಿನಿಂದ ಹಿಂದಿನ ದಿನದ ಹಾಳೆ ಹರಿದು, ನೋಡಿಕೊಂಡು ಉತ್ತರ ಕೊಡುತ್ತಿದ್ದರು.

"ಒಂದ್ ಸೆಲ್ ಆಕ್ಸಬುಡಿ ಭಾವ, ಈ ಕಾಟ ಇರಕಿಲ್ಲ," ಅಂದೆ.

"ಬ್ಯಾಡ ಕಣ್ಲಾ. ಈ ಮನೇಲಿ ಬೆಳಗ್ಗೆ ಎದ್ದು ನನ್ನ ಒಂದ್ ಮಾತು ಕೇಳೋದು ಅದೊಂದೇಯ!"

ಅಡುಗೆಮನೆಯಿಂದ ಅಕ್ಕ ಕೂಗಿದಳು: "ನಾನೂ ಕೇಳ್ತೀನಲ್ಲ, ಅಕ್ಕಿ ಯಾವತ್ತು ತತ್ತೀರಿ ಅಂತ! ಅದ್ಕೆ ಉತ್ರ ಕೊಟ್ಟಿದ್ದೀರಾ?"

"ನೋಡ್ದಾ? ನಿಮ್ಮಕ್ಕ ಕೇಳುದ್ರೆ ಜಗಳ. ನಾನು ತಪ್ ಯೋಳುದ್ರೂ ಇದು ರೇಗಕಿಲ್ಲ. ಇನ್ನೊಂದ್ ಸಲ ಕೇಳ್ತದೆ, ಅಷ್ಟೇಯ. ಮೇಷ್ಟ್ರು ಅಂದ್ರೆ ಇದು!"

ಆ ಮಾತು ನನಗೆ ನಾಟಿತು. ನಾನು ಮೀಸೆ ಬಂದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿದವನು. ರೇಗದ ಮೇಷ್ಟರನ್ನು ನಾನು ಕಂಡದ್ದೇ ಆ ಕೋಣೆಯಲ್ಲಿ. ಟೈಪಿಂಗ್ ಕಲಿತದ್ದೂ ಅಲ್ಲೇ. ಇವತ್ತಿಗೂ ನಾನು ಒಂದು ಪುಟ ಹೊಡೆಯುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ, ಅದು ಬೇರೆ ವಿಷಯ.

ಹೋದ ವರ್ಷ ಭಾವನಿಗೆ ಲಕ್ವ ಹೊಡೆಯಿತು. ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು. ಜೀವ ಉಳಿಯಿತು. ಆದರೆ ಬಲಗೈ ಏಳಲಿಲ್ಲ, ಮಾತು ಹೊರಡಲಿಲ್ಲ. ಡಾಕ್ಟರು ದಿನಾ ಬಂದು "ಇವತ್ತು ಯಾವ ವಾರ? ಇವರು ಯಾರು?" ಎಂದು ಕೇಳುವರು. ಭಾವ ಸುಮ್ಮನೆ ನೋಡುವರು. ನೆನಪು ಉಳಿದಿದೆಯೋ ಇಲ್ಲವೋ ಈಗಲೇ ಹೇಳಲಾಗದು ಎಂದು ಮನೆಗೆ ಕಳಿಸಿಕೊಟ್ಟರು. ಬಂದ ನೆಂಟರೆಲ್ಲ ಕಿವುಡರನ್ನು ಮಾತಾಡಿಸುವಂತೆ "ನಾನ್ಯಾರು ಯೋಳಿ? ನಾನ್ಯಾರು?" ಎಂದು ಕೂಗಿದರು. ಅಕ್ಕ ಮಾತ್ರ ಏನೂ ಕೇಳಲಿಲ್ಲ. ಕೇಳಿ, ಅವರು ಗುರುತು ಹಿಡಿಯದೇ ಹೋದರೆ?

ಮಾರನೆಯ ಬೆಳಗ್ಗೆ ಕುರ್ಚಿಯಲ್ಲಿ ಕೂರಿಸಿದ್ದೆವು. ಭಾವನ ಕಣ್ಣು ಮುಂದಿನ ಕೋಣೆಯ ಕಡೆಗೇ ಇತ್ತು. ಅಕ್ಕನೂ ನಾನೂ ಕುರ್ಚಿಯನ್ನು ಅಲ್ಲಿಗೇ ಎಳೆದೆವು. ನಾನು ಸ್ವಿಚ್ ಹಾಕಿದೆ. ಪರದೆ ಎಂದಿನಂತೆ ಕೇಳಿತು: ತಾರೀಖು ಎಷ್ಟು?

ಗೋಡೆಯ ಕ್ಯಾಲೆಂಡರ್ ಅವರು ಬಿದ್ದ ದಿನದ ಹಾಳೆಯಲ್ಲೇ ನಿಂತಿತ್ತು, ನೋಡಿ ಹೊಡೆಯುವಂತಿರಲಿಲ್ಲ. ಭಾವನ ಎಡಗೈ ಮೆಲ್ಲಗೆ ಮೇಲೆ ಬಂತು. ಒಂದು ಬೆರಳು, ಒಂದೊಂದೇ ಗುಂಡಿ. ತಪ್ಪಾಯಿತು. ಪರದೆ ರೇಗಲಿಲ್ಲ, ಮತ್ತೆ ಕೇಳಿತು. ಅಕ್ಕ ನನ್ನ ರಟ್ಟೆ ಹಿಡಿದುಕೊಂಡಳು. ಭಾವ ಮತ್ತೆ ಹೊಡೆದರು. ತಿಂಗಳು ಮೊದಲು. ಆಮೇಲೆ ತಾರೀಖು. ಆವತ್ತಿನದೇ ತಾರೀಖು!

ಆಸ್ಪತ್ರೆಯ ಹಾಸಿಗೆಯಲ್ಲಿ ಮಾತಿಲ್ಲದೆ ಮಲಗಿ ದಿನಗಳನ್ನೆಲ್ಲ ಲೆಕ್ಕ ಇಟ್ಟುಕೊಂಡಿದ್ದರು, ಪುಣ್ಯಾತ್ಮ!

ಪರದೆ ಗಂಟೆ ಕೇಳಿತು. ಭಾವ ಗೋಡೆ ಗಡಿಯಾರ ನೋಡಿದರು. ನಾವೆಲ್ಲ ಮೈಸೂರಿನಲ್ಲಿದ್ದಾಗ ಅದು ನಿಂತುಹೋಗಿತ್ತು. ಅಕ್ಕನ ಕಡೆ ತಿರುಗಿ, ಹುಬ್ಬು ಗಂಟಿಕ್ಕಿ, ಎಡಗೈ ಎತ್ತಿ ಗಡಿಯಾರವನ್ನು ಬೆಟ್ಟು ಮಾಡಿ ತೋರಿಸಿದರು.

"ನೋಡ್ಲಾ, ಮಿಠಾಯಿ ಅಂಗ್ಡಿ ಮುಂದೆ ಮಗು ನಿಂತದೆ!" ಅಂದಳು ಅಕ್ಕ. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಕೈಗಡಿಯಾರ ನೋಡಿ, "ಹತ್ತೂ ಕಾಲು ಕಣ್ರೀ," ಅಂದಳು. ಭಾವನ ಅರ್ಧ ತುಟಿ ಮೇಲೆದ್ದಿತು. ಹತ್ತೂ ಕಾಲು ಹೊಡೆದರು.

ಅವರಿಗೆ ಗೊತ್ತಾಗದಂತೆ ಹಾಕಿಸಿಬಿಡೋಣವೆಂದು ನಾನು ಎಂದೋ ತಂದಿಟ್ಟ ಹೊಸ ಸೆಲ್ ಇನ್ನೂ ನನ್ನ ಹತ್ತಿರವೇ ಇದೆ. ಹಾಕಿಸುವುದಿಲ್ಲ. ಅದು ದಿನಾ ಕೇಳಲಿ. ಅದು ಕೇಳುವ ಹೊತ್ತಿಗೆ ಅಕ್ಕನೂ ಒಲೆ ಸಣ್ಣ ಮಾಡಿ ಬಂದು ಭಾವನ ಹಿಂದೆ ನಿಂತಿರುತ್ತಾಳೆ.