ನಾನು, ನನ್ನ ತೆಪ್ಪ ಮತ್ತು ಒಂದು ಬುಟ್ಟಿ ತರಕಾರಿ

ನೆಲದ ಮೇಲೆ ತರಕಾರಿ ಬೆಳೆಯುವುದು ಯಾರಿಗಾದರೂ ಬರುತ್ತದೆ. ನಾನು ನೀರಿನ ಮೇಲೆ ಬೆಳೆದು ತೋರಿಸುತ್ತೇನೆಂದು ಶಪಥ ಮಾಡಿದೆ. ಮಾಡಿದ್ದು ಹೆಂಡತಿಯ ಎದುರಿಗೆ. ಎಡವಟ್ಟಾದದ್ದೇ ಅಲ್ಲಿ.

ಅವಳು ಬಟ್ಟೆ ಹೊಲಿಯುವವಳು. ಹೊಲಿಗೆ ಯಂತ್ರಕ್ಕೊಂದು ಕೋಣೆ ಕಟ್ಟಲು ಹಿತ್ತಲಿನ ಕೊಳವನ್ನೇ ಮುಚ್ಚಿಸಲು ಹೊರಟಿದ್ದಳು. ನನಗೋ ಆ ಕೊಳವೆಂದರೆ ಪ್ರಾಣ.

"ಆ ಕೊಳದಿಂದ ಒಂದು ಬುಟ್ಟಿ ತರಕಾರಿ ಬರ್ಲಿ, ಮುಚ್ಚಿಸೋ ಮಾತೇ ಎತ್ತಲ್ಲ," ಎಂದಳು. "ಬರದಿದ್ರೆ ಮಣ್ಣು ಹೊರೋದೂ ನೀವೇ."

ಖಾಲಿ ಡ್ರಮ್ಮುಗಳ ಮೇಲೆ ಬಿದಿರು ಕಟ್ಟಿ, ಕೊಳೆತ ಅಂತರಗಂಗೆ ಕಳೆ, ಮಣ್ಣು ಹರಡಿ, ಬದನೆ, ಟೊಮೆಟೊ, ಸೋರೆ ನೆಟ್ಟೆ. ತೆಪ್ಪವನ್ನು ಹಳೆಯ ಹಗ್ಗದಿಂದ ದಡಕ್ಕೆ ಬಿಗಿದೆ. ನೀರು ಹಾಕುವ ಗೋಜೇ ಇಲ್ಲ! ಗಿಡಗಳು ನನ್ನ ಮರ್ಯಾದೆ ಉಳಿಸಲೆಂದೇ ಬೆಳೆದವು. ಸೋರೆ ಬಳ್ಳಿಯಂತೂ ತೆಪ್ಪ ದಾಟಿ ದಡದ ಬೇಲಿಯನ್ನೂ ತಬ್ಬಿಕೊಂಡಿತು.

ಕೊಯ್ಲಿನ ದಿನ ರಾಜಠೀವಿಯಿಂದ ತೆಪ್ಪವೇರಿದೆ. ಬುಟ್ಟಿ ತುಂಬಿತು. ಬೇಲಿಗೆ ಹಬ್ಬಿದ ಬಳ್ಳಿ ಅಡ್ಡಾದಿಡ್ಡಿಯಾಗಿ ಕಂಡಿತು. ಶಿಸ್ತು ಕಲಿಸೋಣವೆಂದು ಕಚಕಚನೆ ಕತ್ತರಿಸಿದೆ. ಹಗ್ಗ ಎಂದೋ ಕೊಳೆತುಹೋಗಿತ್ತು, ಇಷ್ಟು ದಿನ ತೆಪ್ಪವನ್ನು ಹಿಡಿದಿಟ್ಟದ್ದು ಆ ಬಳ್ಳಿಯೇ ಎಂಬ ಜ್ಞಾನೋದಯ ನನಗಾದದ್ದು ಕೊಳದ ನಡುವೆ.

ಹೆಂಡತಿ ದಡಕ್ಕೆ ಬಂದಳು. "ಎಲ್ಲಿಗೆ ಹೊರಟ್ರಿ?"

"ಆ ಕಡೆ ಬಿಸಿಲು ಚೆನ್ನಾಗಿದೆ. ತೋಟ ಸ್ವಲ್ಪ ಸರಿಸ್ತಿದ್ದೀನಿ."

"ಈಜು ಬರುತ್ತಾ?"

"ಇದುವರೆಗೂ ಅದರ ಅಗತ್ಯ ಬಿದ್ದಿಲ್ಲ."

ಅಷ್ಟರಲ್ಲಿ ಒಂದು ಡ್ರಮ್ಮಿಗೆ ನೀರು ನುಗ್ಗಿ ತೆಪ್ಪ ವಾಲಿತು. ಮಂಡಿಯವರೆಗೂ ನೀರು. ಎರಡು ಟೊಮೆಟೊ ಕಣ್ಣೆದುರೇ ತೇಲಿಹೋದವು. ನನಗೆ ನಿಜಕ್ಕೂ ಜೀವ ಬಾಯಿಗೆ ಬಂತು.

"ಎಳಿಯೇ ಮಾರಾಯ್ತಿ, ಮುಳುಗ್ತೀನಿ!"

"ಬುಟ್ಟಿ ಮೇಲೆತ್ತಿ ಹಿಡೀರಿ ಮೊದ್ಲು," ಎನ್ನುತ್ತಾ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿದಳು. ದಿನವಿಡೀ ಅಳತೆ ತೆಗೆಯುವ ಕಣ್ಣು. ಎಸೆದ ಹಗ್ಗ ಸರಿಯಾಗಿ ನನ್ನ ಕೊರಳಿಗೇ ಬಿತ್ತು. ಅದನ್ನು ಬಿದಿರಿಗೆ ಕಟ್ಟಿದೆ. ಅವಳು ಎಳೆದಳು.

ದಡ ಸೇರಿದಾಗ ಮೊದಲು ಬುಟ್ಟಿ ಇಳಿಸಿಕೊಂಡಳು, ಆಮೇಲೆ ನನ್ನನ್ನು. ಬದನೆಕಾಯಿ ಸವರಿ ನೋಡಿದಳು. ಮುಖ ಅರಳಿತು.

"ನಿಜವಾಗ್ಲೂ ಬೆಳೆದುಬಿಟ್ರಲ್ರೀ. ಕೊಳ ಮುಚ್ಚಿಸೋದು ಬೇಡ. ಇನ್ನೂ ಎರಡು ತೆಪ್ಪ ಕಟ್ಟೋಣ."

ನಾನು ಒದ್ದೆ ಬಟ್ಟೆಯಲ್ಲೇ ಉಬ್ಬಿದೆ. ಉದಾರವಾಗಿ ಕೇಳಿದೆ: "ಪಾಪ, ನಿನ್ನ ಹೊಲಿಗೆ ಕೋಣೆ?"

"ನೀವು ಪೇಪರ್ ಓದೋ ಕೋಣೆ ಇದೆಯಲ್ಲ. ಯಂತ್ರ ಅಲ್ಲಿಗೆ ಬರುತ್ತೆ."

"ಮತ್ತೆ ನಾನೆಲ್ಲಿ ಕೂರ್ಲಿ?"

ಅವಳು ತೆಪ್ಪದ ಕಡೆ ತಿರುಗಿದಳು. "ಅಲ್ಲೊಂದು ಕುರ್ಚಿ ಹಾಕಿಕೊಡ್ತೀನಿ. ಹಗ್ಗ ಮಾತ್ರ ನಾನೇ ಕಟ್ತೀನಿ."